ಪಂದ್ಯದ ಮೋಟಾರು ಸೈಕಲ್ಲು ಮತ್ತು ಊರಿನ ರಸ್ತೆ

ಕಲಬುರಗಿಯ ಮೋಮಿನಪುರದಲ್ಲಿ ಮೋಟಾರು ಸೈಕಲ್ಲುಗಳನ್ನು ದುರಸ್ತಿ ಮಾಡುವ ವಯಸ್ಸಾದ ಉಸ್ತಾದರೊಬ್ಬರ ಅಂಗಡಿಯುಂಟು. ನಮ್ಮ ಹಳೆಯ ವಾಹನದ ಕ್ಲಚ್ ತಂತಿಯನ್ನು ಬದಲಾಯಿಸಲೆಂದು ಕಳೆದ ಮಳೆಗಾಲದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ, ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಅಂಗಡಿಯ ಮುಂದೆ ನಿಂತಿದ್ದನು. ಅವನ ಸ್ಪೋರ್ಟ್ಸ್ ಮೋಟಾರು ಸೈಕಲ್ಲಿಗೆ ಕನ್ನಡಿಗಳಿರಲಿಲ್ಲ, ಇಂಡಿಕೇಟರುಗಳಿರಲಿಲ್ಲ; ಹಿಂದಿನ ಮಡ್‌ಗಾರ್ಡು ಕಣ್ಮರೆಯಾಗಿ, ನಂಬರ್ ಪ್ಲೇಟು ಸೀಟಿನಡಿಯಲ್ಲಿ ಎಲ್ಲಿಯೋ ಮಡಿಚಿಕೊಂಡಿದ್ದಿತು. ನಾವು ಕೇಳುವ ಮೊದಲೇ ಅವನು, “ಟ್ರ್ಯಾಕ್ ಬೈಕ್ ಮಾಡಿಸ್ಲಿಕತ್ತೀನ್ರಿ ಸರ್” ಎಂದನು. ಉಸ್ತಾದರು ಕೆಲಸದಿಂದ ತಲೆಯೆತ್ತದೆಯೇ, “ಬಿಚ್ಚಿದ್ದೆಲ್ಲಾ ಆ ಡಬ್ಬ್ಯಾಗ ಇಟ್ಟೀನ್ರಿ ಸರ್. ಹೊಳ್ಳಿ ಬರ್ತಾನ, ನನಗ ಗೊತ್ತದ” ಎಂದರು. ಮೂಲೆಯಲ್ಲಿ ಎಣ್ಣೆಯ ತಗಡಿನ ಡಬ್ಬವೊಂದು ಇದ್ದಿತು.

ನಾವು ಅವನನ್ನು ಗದರಿಸಿರಬೇಕೆಂದು ನಮ್ಮ ತರುಣ ವಾಚಕರು ಊಹಿಸಬಹುದು. ಗದರಿಸಲಿಲ್ಲ. ವೇಗದ ಯಂತ್ರದ ಮೇಲಿನ ಮೋಹವನ್ನು ದುರ್ಗುಣವೆಂದು ಎಣಿಸುವ ಹಿರಿಯರ ಗುಂಪಿಗೆ ಸೇರಿದವರು ನಾವಲ್ಲ. ಯಂತ್ರವನ್ನು ಬಿಚ್ಚಿ ನೋಡುವ ಹಂಬಲವಿಲ್ಲದವನಿಗೆ ಭೌತಶಾಸ್ತ್ರವನ್ನು ಕಲಿಸುವುದು ಎಷ್ಟು ಕಷ್ಟವೆಂಬುದನ್ನು ನಾವು ಪ್ರತಿ ವರ್ಷವೂ ಅನುಭವಿಸುತ್ತೇವೆ. ನಮ್ಮ ತಕರಾರು ಬೇರೆಯದು. ಅವನು ಮಾಡಿಸುತ್ತಿದ್ದುದು ಟ್ರ್ಯಾಕ್ ಬೈಕ್ ಆಗಿರಲಿಲ್ಲ.

ರಸ್ತೆಗಾಗಿ ಹುಟ್ಟಿದ ಯಂತ್ರವನ್ನು ಪಂದ್ಯಕ್ಕೆ ಅಣಿಗೊಳಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾ, ಅನಂತರ ಯೆಜ್ಡಿ ಮೋಟಾರು ಸೈಕಲ್ಲುಗಳು ಮದರಾಸಿನ ಬಳಿಯ ಷೋಳಾವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ, ಪಂದ್ಯಗಳಲ್ಲಿ ಓಡಿದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಡಿಯಾಚೆಯ ಹೊಸೂರಿನಲ್ಲಿರುವ ಟಿ.ವಿ.ಎಸ್. ಕಂಪನಿಯು 1982ರಿಂದಲೂ ಪಂದ್ಯದ ವಿಭಾಗವೊಂದನ್ನು ನಡೆಸುತ್ತಿದೆ. ಅದು 2017ರ ಡಿಸೆಂಬರಿನಲ್ಲಿ ಹೊರತಂದ ಅಪಾಚೆ ಆರ್.ಆರ್. 310 ಎಂಬುದು 312 ಘನ ಸೆಂಟಿಮೀಟರಿನ ಎಂಜಿನ್ನಿನ, ಸುಮಾರು 170 ಕಿಲೋಗ್ರಾಂ ತೂಕದ ರಸ್ತೆಯ ವಾಹನ. ಅದರ ಪಂದ್ಯದ ರೂಪವು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ, ಸುಮಾರು 3.7 ಕಿಲೋಮೀಟರು ಉದ್ದದ ಪಂದ್ಯಪಥದಲ್ಲಿ ಓಡಿದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದವರಿಗೆ ಮೊದಲು ಕಾಣುವುದು ಪಂದ್ಯದ ರೂಪದಲ್ಲಿ ಏನೇನು ಇಲ್ಲ ಎಂಬುದು. ನಮ್ಮ ವಿದ್ಯಾರ್ಥಿಯೂ ಅಷ್ಟನ್ನೇ ನೋಡಿದ್ದನು.

ಆದರೆ ಭಾಗವೊಂದನ್ನು ಕಳಚಿದಾಗ ಅದು ಮಾಡುತ್ತಿದ್ದ ಕೆಲಸವು ತಾನಾಗಿ ಇಲ್ಲವಾಗುವುದಿಲ್ಲ. ಆ ಕೆಲಸವನ್ನು ಈಗ ಯಾರು ವಹಿಸಿಕೊಂಡರು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಉಸ್ತಾದರ ಡಬ್ಬದೊಳಗೆ ಇಣುಕಿದರೆ ವಿಷಯವು ಸ್ಪಷ್ಟವಾಗುತ್ತದೆ. ಪಂದ್ಯಪಥದಲ್ಲಿ ಕನ್ನಡಿ ಬೇಡ. ಏಕೆಂದರೆ ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುವರು, ಮುಂದಿನವನನ್ನು ಸುರಕ್ಷಿತವಾಗಿ ದಾಟುವ ಹೊಣೆ ಹಿಂದಿನವನದು, ಎಚ್ಚರಿಸಲು ಬಾವುಟ ಹಿಡಿದವರು ತಿರುವು ತಿರುವಿನಲ್ಲಿಯೂ ನಿಂತಿರುವರು. ಕನ್ನಡಿಯ ಕೆಲಸವನ್ನು ಬಾವುಟವು ವಹಿಸಿಕೊಂಡಿತು. ದೀಪ ಬೇಡ, ಓಟವು ಹಗಲಿನಲ್ಲಿ, ಅಲ್ಲದೆ ಬಿದ್ದಾಗ ಒಡೆದ ಗಾಜು ಹಿಂದೆ ಬರುವವನ ಟಯರಿಗೆ ಶತ್ರು. ಹಾರನ್ನು ಊದುವುದಾದರೂ ಯಾರಿಗೆ? ಪಕ್ಕದ ಸ್ಟ್ಯಾಂಡು ವಾಹನವು ಬಾಗಿದಾಗ ನೆಲಕ್ಕೆ ತಗಲುವ ಅಪಾಯವಿರುವುದರಿಂದ ಅದನ್ನೂ ತೆಗೆಯುವರು. ನಿಂತ ವಾಹನವನ್ನು ಹಿಡಿಯಲು ಬೇರೆ ಸ್ಟ್ಯಾಂಡೂ ಸಹಾಯಕನೂ ಇರುವರು. ಒಟ್ಟಿನಲ್ಲಿ ಪಂದ್ಯದ ವಾಹನವೆಂದರೆ ಅರ್ಧ ಯಂತ್ರ, ಉಳಿದರ್ಧವು ಪಥವೇ. ಪಥವನ್ನು ಅಲ್ಲಿಯೇ ಬಿಟ್ಟು ಈ ಅರ್ಧವನ್ನು ಮಾತ್ರ ಸೂಪರ್ ಮಾರ್ಕೆಟ್ಟಿನ ಸಂದಣಿಗೆ ತರುವುದೆಂದರೇನು? ಅಲ್ಲಿ ಬಾವುಟದವನಿಲ್ಲ. ಆಟೋ ಉಂಟು, ಎಮ್ಮೆಯುಂಟು, ಶಾಲೆ ಬಿಟ್ಟ ಮಕ್ಕಳುಂಟು.

ಪಂದ್ಯಕ್ಕಾಗಿ ಸೇರಿಸುವ ವಸ್ತುಗಳು ನಮ್ಮ ಹುಡುಗರ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮನ್ನು ಬಹುವಾಗಿ ಆಕರ್ಷಿಸಿದುದು ಒಂದು ತುಂಡು ತಂತಿ. ಎಂಜಿನ್ನಿನ ಎಣ್ಣೆಯನ್ನು ಹೊರಬಿಡುವ ಬೋಲ್ಟಿನ ತಲೆಗೆ ಸಣ್ಣ ರಂಧ್ರ ಕೊರೆದು, ಉಕ್ಕಿನ ತಂತಿಯನ್ನು ಪೋಣಿಸಿ, ಹೆಣೆದು, ಬೋಲ್ಟು ಸಡಿಲವಾಗುವ ದಿಕ್ಕಿಗೆ ವಿರುದ್ಧವಾಗಿ ಎಳೆದು ಕಟ್ಟುವರು. ಕಂಪನದಿಂದ ಬೋಲ್ಟು ಸಡಿಲಿಸಿದರೂ ತಿರುಗಿ ಬೀಳಲಾರದು. ಇದರಿಂದ ವೇಗವು ಒಂದಿಷ್ಟೂ ಹೆಚ್ಚುವುದಿಲ್ಲ. ಹಾಗಾದರೆ ಇಷ್ಟು ಶ್ರಮವೇತಕ್ಕೆ? ಪಥದ ಮೇಲೆ ಚೆಲ್ಲಿದ ಎಣ್ಣೆಯಿಂದ ಜಾರಿ ಬೀಳುವವನು ಹೆಚ್ಚಾಗಿ ಎಣ್ಣೆ ಚೆಲ್ಲಿದವನಲ್ಲ, ಅವನ ಹಿಂದೆ ಬರುವವನು. ಎಂಜಿನ್ನಿನ ಕೆಳಗಿನ ಕವಚವನ್ನು ತೊಟ್ಟಿಯಂತೆ ಮಾಡುವುದೂ ಸೋರಿದ ಎಣ್ಣೆ ಅಲ್ಲಿಯೇ ನಿಲ್ಲಲೆಂದೇ. ರೇಡಿಯೇಟರಿನ ಗ್ಲೈಕಾಲ್ ದ್ರವವನ್ನು ಬಸಿದು ಹೆಚ್ಚುಕಡಿಮೆ ಬರಿಯ ನೀರನ್ನೇ ತುಂಬುವರು. ಗ್ಲೈಕಾಲ್ ಚೆಲ್ಲಿದರೆ ಡಾಂಬರು ಜಾರುತ್ತದೆ, ಬೇಗ ಆರುವುದೂ ಇಲ್ಲ. ಆದರೆ ಗ್ಲೈಕಾಲ್ ನೀರಿನ ಕುದಿಬಿಂದುವನ್ನು ಏರಿಸುವ ವಸ್ತುವೂ ಹೌದು. ನಮ್ಮ ಊರಿನ ಮೇ ತಿಂಗಳ ಬಿಸಿಲಿನಲ್ಲಿ, ವಾಹನಗಳ ಸಾಲಿನಲ್ಲಿ ನಿಂತು ನಿಂತು ಸಾಗುವವನಿಗೆ ಅದು ಬೇಕೇ ಬೇಕು. ಪಥದಲ್ಲಿ ಹಿತವಾದುದು ಬೀದಿಯಲ್ಲಿ ಅಹಿತವಾಗುವುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ನಮಗೆ ತೋಚದು.

ಇನ್ನು ಟಯರಿನ ವಿಚಾರ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಪಿ.ಯು.ಸಿ. ವಿದ್ಯಾರ್ಥಿಯು ಅಂಜಬೇಕಾದಷ್ಟೇನೂ ಇಲ್ಲ. ತಿರುವಿನಲ್ಲಿ ಸವಾರನು ಒಳಕ್ಕೆ ಬಾಗುವನಷ್ಟೆ. ಆ ಬಾಗುಕೋನದ ಟ್ಯಾಂಜೆಂಟು ಎಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ. ಸಮತಟ್ಟಾದ ರಸ್ತೆಯಲ್ಲಿ ಟಯರು ಜಾರದಿರಬೇಕಾದರೆ ಘರ್ಷಣ ಗುಣಾಂಕವು ಕಡಿಮೆಯೆಂದರೆ ಅಷ್ಟಿರಲೇಬೇಕು. ತ್ರಿಜ್ಯವು 30 ಮೀಟರು ಇರುವ ತಿರುವನ್ನು ಗಂಟೆಗೆ 36 ಕಿಲೋಮೀಟರಿನಂತೆ ದಾಟಿದರೆ ಬರುವ ಸಂಖ್ಯೆ 0.34, ಬಾಗುಕೋನ ಸುಮಾರು 19 ಡಿಗ್ರಿ. ಅದನ್ನೇ 54 ಕಿಲೋಮೀಟರಿನಂತೆ ದಾಟಿದರೆ 0.77, ಕೋನ 37 ಡಿಗ್ರಿ. 72ರಲ್ಲಿ ದಾಟಬೇಕಾದರೆ 1.36, ಕೋನ 54 ಡಿಗ್ರಿ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ರಸ್ತೆಯ ಟಯರಿನ ಗುಣಾಂಕವು ಸುಮಾರು 0.8ರ ಆಸುಪಾಸಿನಲ್ಲಿರುವುದೆಂದು ಇಟ್ಟುಕೊಂಡರೆ, ಮೂರನೆಯ ಸವಾರನ ಗತಿಯೇನೆಂಬುದನ್ನು ವಾಚಕರೇ ಹೇಳಬಲ್ಲರು.

ಪಂದ್ಯದ ಟಯರುಗಳು ಈ ಸಂಖ್ಯೆಯನ್ನು ಒಂದಕ್ಕೂ ಮೇಲೆ ಒಯ್ಯುತ್ತವೆ. ಅದು ಹೇಗೆ? ಮೆತುವಾದ ರಬ್ಬರು ಕಾದಾಗ ಡಾಂಬರಿನ ಸೂಕ್ಷ್ಮವಾದ ಏರುತಗ್ಗುಗಳಿಗೆ ಹೊಂದಿಕೊಂಡು ಕಚ್ಚುತ್ತದೆ. ಆದ್ದರಿಂದಲೇ ಓಟಕ್ಕೆ ಮುನ್ನ ಟಯರಿಗೆ ವಿದ್ಯುತ್ ಕಂಬಳಿ ಹೊದಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸುವರು. ಊರಿನ ಓಡಾಟದಲ್ಲಿ ಆ ಟಯರು ಕಾಯುವುದೇ ಇಲ್ಲ. ತಣ್ಣಗಿದ್ದಾಗ ಅದು ಸಾಧಾರಣ ಟಯರಿಗಿಂತಲೂ ಕೀಳು. ಅದರ ಮೈ ನುಣುಪು, ಗೀರುಗಳಿಲ್ಲ. ನೀರು ಹೊರಹೋಗಲು ದಾರಿಯೇ ಇಲ್ಲ. ಇಂಥ ಟಯರುಗಳನ್ನು ಹಳೆಯ ಪೇಟೆಯಲ್ಲಿ ಕೊಂಡು ಮಳೆಗಾಲದಲ್ಲಿ ತೊಡಿಸಿದವರನ್ನು ನಾವು ಬಲ್ಲೆವು. ಬ್ರೇಕಿನ ದ್ರವದ ಮಾತೂ ಹೀಗೆಯೇ: ಹೊಸದಾಗಿದ್ದಾಗ 230 ಡಿಗ್ರಿಯವರೆಗೆ ಕುದಿಯದ ಡಾಟ್ 4 ದ್ರವವು ಗಾಳಿಯ ತೇವವನ್ನು ಹೀರಿ ಹಳತಾದಾಗ 155 ಡಿಗ್ರಿಯಷ್ಟರಲ್ಲಿಯೇ ಕುದಿಯಬಹುದು. ವೇಗವು ಎರಡರಷ್ಟಾದರೆ ನಿಲ್ಲಿಸಬೇಕಾದ ಚಲನಶಕ್ತಿಯು ನಾಲ್ಕರಷ್ಟು. ಅದೆಲ್ಲವೂ ಶಾಖವಾಗಿ ಬ್ರೇಕಿಗೇ ಬರಬೇಕು. ಪಂದ್ಯದವರು ದ್ರವವನ್ನು ಮತ್ತೆ ಮತ್ತೆ ಬದಲಾಯಿಸುವುದು ಇದಕ್ಕಾಗಿ. ನಮ್ಮ ವಿದ್ಯಾರ್ಥಿಯು ಸೈಲೆನ್ಸರಿಗೆ ಸಾವಿರಾರು ರೂಪಾಯಿ ಸುರಿದಿದ್ದನು; ಬ್ರೇಕಿನ ದ್ರವವು ವಾಹನವನ್ನು ಕೊಂಡಂದಿನದು.

ಬೆಳಗಿನ ಹೊತ್ತು ನಮ್ಮ ತರುಣರು ವೇಗವನ್ನು ಪರೀಕ್ಷಿಸಲು ಹೋಗುವುದು ಕಮಲಾಪುರದ ದಾರಿಗೆ. ಆ ಊರಿನ ಕೆಂಪು ಬಾಳೆ ಹೆಸರಾದುದು. ಗೊನೆಗಳನ್ನು ದಾರಿಯ ಬದಿಯಲ್ಲಿಯೇ ಇಟ್ಟು ಮಾರುವುದುಂಟು, ಕೊಳ್ಳುವವರು ಅಲ್ಲಿಯೇ ಗಾಡಿ ನಿಲ್ಲಿಸುವುದೂ ಉಂಟು. ಮಳೆ ಬಿದ್ದ ಮರುದಿನ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣನ್ನು ಡಾಂಬರಿಗೆ ಮೆತ್ತುತ್ತವೆ. ಎರೆಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಹಸಿಯಾಗಿರುವಾಗ ಅದು ಬೆಣ್ಣೆಯೇ ಸರಿ. ಗುಣಾಂಕವು ಅಲ್ಲಿ 0.3ಕ್ಕೂ ಕೆಳಗೆ ಇಳಿದರೆ ಆಶ್ಚರ್ಯವಿಲ್ಲ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ: 36 ಕಿಲೋಮೀಟರಿನ ಸಾಧು ಸವಾರನಿಗೂ 0.34 ಬೇಕಾಗಿದ್ದಿತು!

ಮಾರ್ಪಾಟಿನ ವಿಷಯದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವಿದೆ, ರಸ್ತೆಯಲ್ಲಿ ಪಂದ್ಯ ನಡೆಸುವುದರ ಮೇಲೆ 189ನೆಯದಿದೆ. ಕಾಯಿದೆಯನ್ನು ಹೇಳಿ ಯಾರನ್ನೂ ಒಪ್ಪಿಸಿದ ಅನುಭವ ನಮಗಿಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ. ಆದರೆ ಪಂದ್ಯಪಥಕ್ಕೆ ಹೋದೊಡನೆ ಎಲ್ಲವೂ ಕ್ಷೇಮವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. 2023ರ ಆಗಸ್ಟಿನಲ್ಲಿ ಚೆನ್ನೈ ಬಳಿಯ ಅದೇ ಪಥದಲ್ಲಿ, ರಾಷ್ಟ್ರೀಯ ಪಂದ್ಯದಲ್ಲಿ, ಬೆಂಗಳೂರಿನ 13 ವರ್ಷದ ಬಾಲಕನೊಬ್ಬನು ಬಿದ್ದು ತೀರಿಕೊಂಡನು. ಬಾವುಟವಿದ್ದಿತು, ವೈದ್ಯರಿದ್ದರು, ಎದುರಿನಿಂದ ಬರುವ ವಾಹನವಿರಲಿಲ್ಲ. ಇಷ್ಟೆಲ್ಲ ಏರ್ಪಾಡಿದ್ದಲ್ಲಿಯೂ ಹೀಗಾಗುವುದಾದರೆ, ಏರ್ಪಾಡೊಂದೂ ಇಲ್ಲದಲ್ಲಿ ಅದೇ ಆಟವಾಡುವವನನ್ನು ಧೈರ್ಯಶಾಲಿಯೆಂದು ಕರೆಯಲು ನಮಗೆ ಮನಸ್ಸು ಬಾರದು.

ಹಾಗಾದರೆ ಹುಡುಗನು ಏನು ಮಾಡಬೇಕು? ಚೆನ್ನೈ, ಕೊಯಮತ್ತೂರುಗಳ ಪಥಗಳು ನಮಗೆ ನೂರಾರು ಕಿಲೋಮೀಟರುಗಳಾಚೆ. ಬೇಡವೆಂದು ಹೇಳಿ ಸುಮ್ಮನಾಗುವುದು ಹಿರಿಯರಿಗೆ ಸುಲಭ. ನಮ್ಮ ಅಭಿಪ್ರಾಯದಲ್ಲಿ ಈ ಕೆಲಸವು ಕಾಲೇಜಿನ ಕಾರ್ಯಾಗಾರಕ್ಕೆ ಬರಬೇಕು. ಕಲಬುರಗಿಯಲ್ಲಿ 1958ರಿಂದಲೂ ಇಂಜಿನಿಯರಿಂಗ್ ಶಿಕ್ಷಣವಿದೆ. ರಸ್ತೆಯ ನೋಂದಣಿ ಮುಗಿದ ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಂಡು, ವಿದ್ಯಾರ್ಥಿಗಳಿಂದಲೇ ಪೂರ್ತಿಯಾಗಿ ಪಂದ್ಯದ ವಾಹನವನ್ನಾಗಿ ಮಾರ್ಪಡಿಸಿ, ಲಾರಿಯಲ್ಲಿ ಪಥಕ್ಕೆ ಸಾಗಿಸಿ, ನುರಿತವರ ಕೈಯಲ್ಲಿ ಓಡಿಸಿ, ಲಾರಿಯಲ್ಲಿಯೇ ಹಿಂದಕ್ಕೆ ತರಬಹುದು. ಖರ್ಚಿನ ಮಾತೆತ್ತುವವರಿದ್ದಾರೆ. ಹತ್ತು ಹುಡುಗರ ಸೈಲೆನ್ಸರುಗಳ ಬೆಲೆಯನ್ನು ಒಮ್ಮೆ ಕೂಡಿಸಿ ನೋಡಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಪ್ಪುಹಲಗೆಯ ಮೇಲೆ ನಾವು ಎಷ್ಟೋ ಸಲ ‘ಘರ್ಷಣ ಗುಣಾಂಕ 0.5 ಎಂದು ಇಟ್ಟುಕೊಳ್ಳಿ’ ಎಂದು ಬರೆದಿದ್ದೇವೆ, ಆ 0.5 ಎಲ್ಲಿಂದ ಬಂದಿತೆಂದು ಒಂದು ದಿನವೂ ಹೇಳಲಿಲ್ಲ. ಉಸ್ತಾದರ ಅಂಗಡಿಯಿಂದ ಬಂದ ಮರುವಾರ ಆ ವಿದ್ಯಾರ್ಥಿಗೆ ಒಂದು ಕೆಲಸವನ್ನು ಒಪ್ಪಿಸಿದೆವು. ಹಳೆಯ ಟಯರಿನ ಅಂಗೈಯಗಲದ ತುಂಡೊಂದನ್ನು ಹಲಗೆಗೆ ಮೊಳೆ ಹೊಡೆದು, ಮೇಲೆ ಐದು ಕಿಲೋಗ್ರಾಮಿನ ಬಟ್ಟನ್ನಿಟ್ಟು, ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುವುದು; ಅದು ಸರಿಯತೊಡಗುವ ಕ್ಷಣದಲ್ಲಿ ತಕ್ಕಡಿ ತೋರಿಸುವ ಅಂಕಿಯನ್ನು ಹಲಗೆ ಬಟ್ಟುಗಳ ಒಟ್ಟು ತೂಕದಿಂದ ಭಾಗಿಸುವುದು. ಒಣ ಡಾಂಬರು, ದೂಳು ಕುಳಿತ ಡಾಂಬರು, ಒದ್ದೆಯಾದ ಶಹಾಬಾದ್ ಕಲ್ಲು, ಹಸಿ ಎರೆಮಣ್ಣು, ಈ ನಾಲ್ಕರ ಮೇಲೂ. ವಾಚಕರು ತಮ್ಮ ಊರಿನಲ್ಲಿಯೂ ಮಾಡಿ ನೋಡಬಹುದು. ಅವನು ಎರಡು ಭಾನುವಾರ ಹಲಗೆಯನ್ನು ಎಳೆದನು. ಕೊನೆಯ ಅಂಕಿಯನ್ನು ನಂಬದೆ ಮೂರು ಸಲ ಎಳೆದನಂತೆ.

ಮೊನ್ನೆ ಮತ್ತೆ ಮೋಮಿನಪುರಕ್ಕೆ ಹೋಗಿದ್ದೆವು. ತಗಡಿನ ಡಬ್ಬವು ಆ ಮೂಲೆಯಲ್ಲಿಯೇ ಇದೆ. ಕನ್ನಡಿಗಳನ್ನೂ ಇಂಡಿಕೇಟರುಗಳನ್ನೂ ಅವನು ಒಯ್ದಿದ್ದಾನೆ. ಮಡ್‌ಗಾರ್ಡು ಇನ್ನೂ ಅಲ್ಲಿಯೇ ಇದೆ.