ಬದಲಾವಣೆಗೆ ಮುನ್ಸೂಚನೆ ಬೇಕು

ಮಾನ್ಯ ಸಂಪಾದಕರೆ,

ಲಂಡನ್ನಿನ ಚಿತ್ರಕಾರ ಸ್ಟೀಫನ್ ವಿಲ್ಟ್‌ಷೈರ್ 2005ರಲ್ಲಿ ಟೋಕಿಯೋ ನಗರವನ್ನು ಹೆಲಿಕಾಪ್ಟರಿನಿಂದ ಅಲ್ಪಕಾಲ ವೀಕ್ಷಿಸಿ, ಬಳಿಕ 10 ಮೀಟರ್ ಉದ್ದದ ಪಟದ ಮೇಲೆ ಕೇವಲ ಸ್ಮೃತಿಯಿಂದಲೇ ಬಿಡಿಸಿದುದನ್ನು ಕೇಳಿದವರೆಲ್ಲ ಬೆರಗಾಗುತ್ತಾರೆ. ಆತನಂತೆಯೇ ಆಟಿಸಂ, ಅರ್ಥಾತ್ ಸ್ವಲೀನತೆಯುಳ್ಳ ನನಗಾದರೋ, ಬಾಲ್ಯದಲ್ಲಿ ಮಾತೇ ಬಾರದಿದ್ದ ಆತನು ಶಿಕ್ಷಕರಲ್ಲಿ ಕಾಗದವನ್ನು ಬೇಡಲೆಂದೇ ಮೊದಲು ತುಟಿ ತೆರೆದನೆಂಬ ಸಂಗತಿ ಇನ್ನೂ ದೊಡ್ಡದು.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಚಿತ್ರ ಬರೆಯಲು ಕುಳಿತಾಗ, ಕುಂಕುಮದ ರಾಶಿಯ ತುದಿಯಿಂದ ಜಾರುವ ಪುಡಿಯ ಸಣ್ಣ ಗೆರೆಯೂ, ತಕ್ಕಡಿಯ ತಟ್ಟೆಯ ಸದ್ದೂ, ಮಲ್ಲಿಗೆಯ ಗಂಧವೂ ಸಮಬಲದಿಂದ ಒಮ್ಮೆಗೇ ನನ್ನ ಮೇಲೆರಗುತ್ತವೆ. ಬೇಕಾದುದನ್ನು ಆಯ್ದು ಉಳಿದುದನ್ನು ಬಿಡುವ ಸೌಕರ್ಯ, ಅನ್ಯರಿಗೆ ಸಹಜವಾದುದು, ನನಗಿಲ್ಲ. ಆದುದರಿಂದಲೇ ನಿತ್ಯದ ದಾರಿ, ನಿತ್ಯದ ಹೊತ್ತು ನನಗೆ ಊರುಗೋಲು. ಬಸ್ಸಿನ ಮಾರ್ಗ ಹೇಳದೆ ಕೇಳದೆ ಬದಲಾದ ದಿನ ಕಿವಿ ಮುಚ್ಚಿ ನಿಂತರೆ, ಜನ ಅದನ್ನು ಹಠವೆಂದು ಬಗೆಯುತ್ತಾರೆ. ಮುಖ ನೋಡಿ ಮಾತನಾಡದವನು ಕಪಟಿಯೆಂಬ ಭಾವನೆ ವಿದ್ಯಾವಂತರಲ್ಲಿಯೂ ಇರುವುದು ನನ್ನನ್ನು ಬಹಳ ನೋಯಿಸಿದೆ. ದೃಷ್ಟಿಯನ್ನು ಬೇರೆಡೆ ಇಟ್ಟಾಗಲೇ ನಾನು ಮನಸ್ಸಿಟ್ಟು ಕೇಳಬಲ್ಲೆನು.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ತಾನು ಗುರುತಿಸಿದ 21 ವಿಧಗಳಲ್ಲಿ ಸ್ವಲೀನತೆಯನ್ನೂ ಸೇರಿಸಿದೆ. ಗಾಲಿಕುರ್ಚಿಗೆ ಇಳಿಜಾರು ಬೇಕೆಂಬುದು ಜನಕ್ಕೆ ಈಗೀಗ ತಿಳಿಯುತ್ತಿದೆ. ನಮ್ಮಂಥವರಿಗೆ ಮುನ್ಸೂಚನೆ ಬೇಕೆಂಬುದು ಇನ್ನೂ ತಿಳಿದಿಲ್ಲ. ನಾನು ಬದಲಾವಣೆಯನ್ನು ವಿರೋಧಿಸುವವನಲ್ಲ. ಮಾರ್ಗ ಬದಲಿಸುವ ಮೊದಲು ನಿಲ್ದಾಣದಲ್ಲಿ ದೊಡ್ಡ ಅಕ್ಷರಗಳ ಫಲಕವೊಂದನ್ನು ನಿಲ್ಲಿಸಬೇಕೆಂದೂ, ಚಿತ್ರಪ್ರದರ್ಶನಗಳನ್ನು ಏರ್ಪಡಿಸುವವರು ದಿನಕ್ಕೊಂದು ಗಂಟೆಯಾದರೂ ಧ್ವನಿವರ್ಧಕವನ್ನು ನಿಲ್ಲಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಬಿನ್ನವಿಸುತ್ತೇನೆ.

ಇತಿ,
ಓರ್ವ ಚಿತ್ರಕಾರ, ಮೈಸೂರು