ಸಾರಿಗೆ ನೌಕರರ ವೇತನ ಪರಿಷ್ಕರಣೆಯ ವಿಷಯವಾಗಿ ಹುಲಿಕುಂಟೆ ಹೋಬಳಿಯ ನಾಗರಿಕರ ಮನವಿ ಪತ್ರ

ಹುಲಿಕುಂಟೆ, ಶಿರಾ ತಾಲ್ಲೂಕು
ದಿನಾಂಕ: 12-9-2025

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಆಡಳಿತ ಮಂಡಳಿಯವರ ಸನ್ನಿಧಿಗೆ,
ಕೇಂದ್ರ ಕಚೇರಿ, ಕೆ.ಎಚ್. ರಸ್ತೆ, ಬೆಂಗಳೂರು
(ಮಾನ್ಯ ಉಪವಿಭಾಗಾಧಿಕಾರಿಗಳು, ಮಧುಗಿರಿ, ಇವರ ಮೂಲಕ)

ಮಾನ್ಯರೇ,

ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಿ ವಾಸಿಸುತ್ತ, ಕಚೇರಿ ಕಾಲೇಜು ಆಸ್ಪತ್ರೆ ಸಂತೆಗಳಿಗಾಗಿ ಶಿರಾ, ಮಧುಗಿರಿ, ತುಮಕೂರುಗಳಿಗೆ ಸರ್ಕಾರಿ ಬಸ್ಸನ್ನೇ ನೆಚ್ಚಿ ಹೋಗಿಬರುವ ಪ್ರಯಾಣಿಕರೂ, ಆ ಬಸ್ಸುಗಳನ್ನು ನಡೆಸುವ ಚಾಲಕ ನಿರ್ವಾಹಕರ ಮನೆಯವರೂ ಆದ ನಾವು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನೌಕರರ ವೇತನ ಪರಿಷ್ಕರಣೆಯ ಮಾತುಕತೆಯು ವರ್ಷಾನುಗಟ್ಟಲೆ ಮುಂದಕ್ಕೆ ಹೋಗುತ್ತಿರುವ ಈ ಸ್ಥಿತಿಯನ್ನು ಇನ್ನು ಬೆಳೆಯಗೊಡಬಾರದು. ಈ ಪತ್ರವನ್ನು ನೌಕರರ ಯಾವ ಸಂಘದ ಪರವಾಗಿಯೂ ನಾವು ಬರೆದುದಲ್ಲ. ಸಂಘಗಳಿಗೆ ತಮ್ಮ ಮಾತನ್ನು ತಾವೇ ಆಡಿಕೊಳ್ಳುವ ಸಾಮರ್ಥ್ಯವಿದೆ. ತಮ್ಮತಮ್ಮೊಳಗೆ ಒಂದಾಗಿ ಆಡುವ ಸಾಮರ್ಥ್ಯವೂ ಅಷ್ಟೇ ಇದ್ದಿದ್ದರೆ ಕಾರ್ಯವು ಇಷ್ಟು ತಡವಾಗುತ್ತಿರಲಿಲ್ಲವೇನೋ ಎಂಬುದು ನಮ್ಮೂರ ಹಿರಿಯರ ಅಭಿಪ್ರಾಯ.

ಮೈಸೂರು ಸರ್ಕಾರವು ತನ್ನ ರಸ್ತೆ ಸಾರಿಗೆ ಇಲಾಖೆಯನ್ನು 120 ಬಸ್ಸುಗಳೊಡನೆ ಆರಂಭಿಸಿದುದು 1948ನೆಯ ಇಸವಿ ಸೆಪ್ಟೆಂಬರ್ 12ರಂದು. ಇಂದಿಗೆ ಸರಿಯಾಗಿ 77 ವರ್ಷಗಳಾದುವು. 1961ರಲ್ಲಿ ಅದು ನಿಗಮವಾಯಿತು, ಮುಂದೆ ನಾಲ್ಕಾಗಿ ಕವಲೊಡೆಯಿತು. ಆ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ಆಡಳಿತವರ್ಗವೂ ಕಾರ್ಮಿಕರೂ ಎದುರುಬದುರು ಕುಳಿತು ಮೂಲ ವೇತನವನ್ನು ಪರಿಷ್ಕರಿಸಿಕೊಳ್ಳುವ ಒಂದು ಪರಿಪಾಟಿಯು ಈ ಸಂಸ್ಥೆಯಲ್ಲಿ ನೆಲೆಗೊಂಡಿತೆಂಬುದಷ್ಟೇ ನಮಗೆ ಪ್ರಸ್ತುತ.

ಆ ಪರಿಪಾಟಿಯಂತೆ 2016ರಲ್ಲಿ, ಅದೂ ಜುಲೈ ತಿಂಗಳಿನಲ್ಲಿ ಮೂರು ದಿನಗಳ ಮುಷ್ಕರ ನಡೆದ ತರುವಾಯ, ಶೇಕಡಾ 12.5ರ ಹೆಚ್ಚಳವು ದೊರೆಯಿತು. ಮುಂದಿನದು 2020ರ ಜನವರಿ 1ರಿಂದ ಬರಬೇಕಾಗಿದ್ದಿತು. ಮಹಾಮಾರಿಯು ಬಂದಿತು, ಬಸ್ಸುಗಳು ನಿಂತುವು, ಆ ಕಾಲದ ವಿಳಂಬವನ್ನು ಯಾರೂ ಆಕ್ಷೇಪಿಸಲಾರರು. ಆದರೆ 2023ರ ಮಾರ್ಚ್ ತಿಂಗಳಿನಲ್ಲಿ ಶೇಕಡಾ 15ರ ಹೆಚ್ಚಳದ ಆಜ್ಞೆಯು ಹೊರಟಾಗ ಅದು ಜಾರಿಗೆ ಬಂದುದು ಆ ವರ್ಷದ ಮಾರ್ಚ್ 1ರಿಂದ. ನಡುವಣ 38 ತಿಂಗಳುಗಳು ಲೆಕ್ಕದಿಂದಲೇ ಬಿಟ್ಟುಹೋದುವು. ಬಳಿಕ ನಿವೃತ್ತ ಅಧಿಕಾರಿ ಶ್ರೀನಿವಾಸಮೂರ್ತಿಯವರ ಏಕಸದಸ್ಯ ಸಮಿತಿಯ ಶಿಫಾರಸಿನ ಆಧಾರದ ಮೇಲೆ 14 ತಿಂಗಳುಗಳ ಹಿಂಬಾಕಿಯಾಗಿ 718 ಕೋಟಿ ರೂಪಾಯಿಗಳನ್ನು ಕೊಡಲು ಸರ್ಕಾರವು ಸಿದ್ಧವಿರುವುದಾಗಿ ತಿಳಿದುಬಂದಿತು. ಇಷ್ಟರಲ್ಲಿ 2024ರ ಜನವರಿ 1ರಂದು ಇನ್ನೊಂದು ಪರಿಷ್ಕರಣೆಯ ಗಡುವೂ ಬಂದು ದಾಟಿಹೋಗಿದೆ. ಹಳೆಯ ಬಾಕಿಯು ತೀರುವ ಮೊದಲೇ ಹೊಸ ಬಾಕಿಯು ಬೆಳೆಯುತ್ತಿರುವುದು ಸಾಲಗಾರನ ಮನೆಯಲ್ಲಿ ಕಾಣಬರುವ ಲಕ್ಷಣವೇ ಹೊರತು ಸಾರ್ವಜನಿಕ ಸಂಸ್ಥೆಯೊಂದಕ್ಕೆ ಭೂಷಣವಲ್ಲ.

ಇಲ್ಲಿ ಒಂದು ದೂರದ ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ಅಮೆರಿಕದ ಡೆಲ್ಟಾ ವಿಮಾನಸಂಸ್ಥೆಯ ವಿಮಾನಚಾಲಕರ ಕರಾರು ಪರಿಷ್ಕರಣೆಗೆ ಬಂದುದು 2019ರ ಕೊನೆಯಲ್ಲಿ, ಎಂದರೆ ನಮ್ಮ ಬಸ್ ಚಾಲಕರ ಗಡುವಿನ ಮುನ್ನಾದಿನ. ಅಲ್ಲಿಯೂ ಅದೇ ಮಹಾಮಾರಿಯು ಮಾತುಕತೆಯನ್ನು ತಡೆಯಿತು. ಅಲ್ಲಿಯೂ ಚಾಲಕರು ಬೇಸತ್ತು, ಫಲಕಗಳನ್ನು ಹಿಡಿದು ವಿಮಾನ ನಿಲ್ದಾಣಗಳ ಮುಂದೆ ನಿಂತು, ಮುಷ್ಕರಕ್ಕೆ ಮತ ಹಾಕಿದರು. ಅವರ ಹೊಸ ಕರಾರು ಸ್ಥಿರಪಟ್ಟುದು 2023ರ ಮಾರ್ಚ್ ತಿಂಗಳಿನಲ್ಲಿಯೇ. ಇಷ್ಟರ ಮಟ್ಟಿಗೆ ಎರಡು ಕಥೆಗಳೂ ಅವಳಿಜವಳಿ. ಭೇದವಿರುವುದೆಲ್ಲಿ ಎಂದರೆ, ಅಲ್ಲಿ ಮುಂದಿನ ವರ್ಷಗಳಿಗೆ ಹಂತಹಂತವಾಗಿ ಶೇಕಡಾ 34ರವರೆಗಿನ ಹೆಚ್ಚಳವನ್ನು ಒಪ್ಪಿದುದಲ್ಲದೆ, ಕಾದು ಕಳೆದ ವರ್ಷಗಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿದು ಒಂದು ಇಡಿಗಂಟನ್ನೂ ಕೊಟ್ಟರು. ನಮ್ಮ ಚಾಲಕರು ವಿಮಾನಚಾಲಕರ ಸಂಬಳವನ್ನು ಕೇಳುತ್ತಿಲ್ಲ. ಅಂತಹ ಭ್ರಮೆ ಅವರಿಗಿಲ್ಲ. ಕಾಯಿಸಿದ ಕಾಲಕ್ಕೆ ಬೆಲೆಯುಂಟೆಂಬ ತತ್ತ್ವವು ಆಕಾಶದಲ್ಲಿ ಸಲ್ಲುವುದಾದರೆ ಭೂಮಿಯ ಮೇಲೂ ಸಲ್ಲಬೇಕಷ್ಟೆ.

ಆ ತತ್ತ್ವವನ್ನು ಸರ್ಕಾರವು ತಾನೂ ಒಂದೆಡೆ ಮನ್ನಿಸಿದೆ. ಆ 38 ತಿಂಗಳುಗಳ ಅವಧಿಯಲ್ಲಿ ನಿವೃತ್ತರಾದ ನೌಕರರಿಗೆ ಪರಿಷ್ಕೃತ ವೇತನಶ್ರೇಣಿಯಂತೆಯೇ ಉಪಧನವನ್ನೂ ರಜೆಯ ನಗದೀಕರಣವನ್ನೂ ಕೊಡಲೊಪ್ಪಿತು. ಇದು ಶ್ಲಾಘನೀಯವಾದ ಕಾರ್ಯ. ಆದರೆ ಒಂದೇ ದಿನಾಂಕವು ನಿವೃತ್ತನಾದವನ ಪಾಲಿಗೆ ಸತ್ಯವಾಗಿ, ಸ್ಟಿಯರಿಂಗ್ ಹಿಡಿದು ಕುಳಿತವನ ಪಾಲಿಗೆ ಅಸತ್ಯವಾಗುವುದು ಯಾವ ನ್ಯಾಯದಿಂದ ಎಂಬುದು ನಮಗೆ ತಿಳಿಯದು. ಅಣ್ಣ ಸರ್ಕಾರಿ ಶಾಲೆಯ ಮೇಷ್ಟ್ರು, ತಮ್ಮ ಬಸ್ಸಿನ ಡ್ರೈವರ್ ಆಗಿರುವ ಮನೆಗಳು ನಮ್ಮ ಕಡೆ ಅಪರೂಪವಲ್ಲ. ಅಣ್ಣನಿಗೆ ಏಳನೆಯ ವೇತನ ಆಯೋಗದ ಸಂಬಳವು 2024ರ ಆಗಸ್ಟ್‌ನಿಂದ ಕೈಸೇರುತ್ತಿದೆ. ತಮ್ಮನು ಪ್ರತಿ ತಿಂಗಳೂ ವೇತನಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬೇರೆ ಮಾತು ತೆಗೆಯುತ್ತಾನೆ.

ಕೆಲಸದ ಸ್ವರೂಪವನ್ನೂ ಮಂಡಳಿಯವರು ಸಮೀಪದಿಂದ ನೋಡಬೇಕೆಂಬುದು ನಮ್ಮ ಆಸೆ. ಗಡಿಯ ಹಳ್ಳಿಗಳಿಗೆ ರಾತ್ರಿ ಕೊನೆಯ ಟ್ರಿಪ್ಪಿಗೆ ಬಂದು ಅಲ್ಲಿಯೇ ತಂಗುವ ನೈಟ್ ಹಾಲ್ಟ್ ಬಸ್ಸಿನ ಸಿಬ್ಬಂದಿಗೆ ಹಾಸಿಗೆಯೆಂದರೆ ಬಸ್ಸಿನ ಉದ್ದ ಸೀಟು; ಸ್ನಾನವೆಂದರೆ ಊರ ಮುಂದಿನ ತೊಂಬೆಯ ನಲ್ಲಿ. ಬೆಳಗಿನ ಜಾವ ಚಾಲಕನು ಮುಂದಿನ ಗಾಜನ್ನು ಒದ್ದೆಬಟ್ಟೆಯಿಂದ ಒರೆಸಿ ಇಂಜಿನ್ನನ್ನು ಚಾಲೂ ಮಾಡುವ ವೇಳೆಗೆ ಕಾಲೇಜಿನ ಹುಡುಗಿಯರೂ, ಕಡಲೆಕಾಯಿಯ ಚೀಲ ಹೊತ್ತ ರೈತರೂ ಬಾಗಿಲಲ್ಲಿ ನೆರೆದಿರುತ್ತಾರೆ. ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆಯು 2023ರ ಜೂನ್ 11ರಂದು ಆರಂಭವಾದಂದಿನಿಂದ ನಿರ್ವಾಹಕನು ಕಾಸಿಲ್ಲದ ಟಿಕೆಟನ್ನೂ ಕಾಸಿನ ಟಿಕೆಟಿನಷ್ಟೇ ಶ್ರದ್ಧೆಯಿಂದ ಹರಿದುಕೊಡಬೇಕು; ಒಂದು ಟಿಕೆಟ್ ತಪ್ಪಿದರೂ ಚೆಕಿಂಗ್‌ನವರಿಗೆ ಉತ್ತರ ಹೇಳಬೇಕಾದವನು ಅವನೇ. ಈ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳಿಗಾದ ಉಪಕಾರವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಅದರಡಿಯ 500 ಕೋಟಿ ಪ್ರಯಾಣಗಳ ಸಂಭ್ರಮವನ್ನು ಕಳೆದ ಜುಲೈನಲ್ಲಿ ನಾಡು ಆಚರಿಸಿತು. ಆ ಟಿಕೆಟುಗಳನ್ನು ಒಂದೊಂದಾಗಿ ಹರಿದ ಕೈಗಳ ವೇತನವು ಮಾತ್ರ 2023ರ ಮಾರ್ಚ್‌ನಲ್ಲಿ ನಿಂತಲ್ಲಿಯೇ ನಿಂತಿದೆ.

ಹಣವಿಲ್ಲವೆಂಬ ಉತ್ತರವು ಬರಬಹುದು. ಭವಿಷ್ಯನಿಧಿ ಮತ್ತು ಇಂಧನದ ಬಾಕಿಗಳಿಗಾಗಿ ನಾಲ್ಕು ನಿಗಮಗಳೂ ಸೇರಿ 2,000 ಕೋಟಿ ರೂಪಾಯಿಗಳ ಸಾಲವನ್ನೆತ್ತಬೇಕಾದ ಸ್ಥಿತಿಯನ್ನು ನಾವು ಬಲ್ಲೆವು. ಆದರೂ 2025ರ ಜನವರಿ 5ರಿಂದ ಪ್ರಯಾಣದರವನ್ನು ಶೇಕಡಾ 15ರಷ್ಟು ಏರಿಸಿದಾಗ ಹೇಳಿದ ಕಾರಣಗಳಲ್ಲಿ ಇಂಧನದೊಡನೆ ಸಿಬ್ಬಂದಿಯ ವೆಚ್ಚವೂ ಒಂದಾಗಿದ್ದಿತೆಂಬುದನ್ನು ತಮಗೆ ನೆನಪಿಸಬೇಕಾಗಿದೆ. ಟಿಕೆಟಿಗೆ ಹೆಚ್ಚು ತೆರುತ್ತಿರುವ ಪ್ರಯಾಣಿಕರು ನಾವು. ಸಿಬ್ಬಂದಿಯ ಹೆಸರಿನಲ್ಲಿ ನಮ್ಮಿಂದ ಪಡೆದುದು ಸಿಬ್ಬಂದಿಗೆ ತಲಪಿತೇ ಎಂದು ಕೇಳುವ ಅಧಿಕಾರವು ನಮಗೆ ಅಲ್ಲಿಂದಲೇ ಬಂದಿದೆ.

ಮಾತುಕತೆಯು ನಿಂತಾಗ ಅದರ ಫಲವನ್ನು ಮೊದಲು ಉಣ್ಣುವವರೂ ನಾವೇ. 2021ರ ಏಪ್ರಿಲ್ ತಿಂಗಳಿನ ಮುಷ್ಕರವು ಎರಡು ವಾರಗಳ ಕಾಲ ನಡೆದು, ಅನೇಕ ನೌಕರರು ವಜಾ, ಅಮಾನತು, ವರ್ಗಾವಣೆಗಳಿಗೆ ಗುರಿಯಾದರು. ಅಗತ್ಯ ಸೇವೆಗಳ ಎಸ್ಮಾ ಕಾಯಿದೆಯ ಮಾತೂ ಬಂದಿತು. ವೇತನದ ಪ್ರಶ್ನೆಯು ಬಗೆಹರಿಯಲಿಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಕರೆದಿದ್ದ ಮುಷ್ಕರವು ಸಂಕ್ರಾಂತಿ ಕಳೆದ ಮೇಲೆ ಮಾತನಾಡೋಣವೆಂಬ ಭರವಸೆಯ ಮೇಲೆ ನಿಂತಿತು. ಈಗ ಗಣೇಶನ ಹಬ್ಬವೂ ಕಳೆಯಿತು. ಕಳೆದ ಆಗಸ್ಟ್ 5ರಂದು ಮತ್ತೆ ಬಸ್ಸುಗಳು ನಿಂತು, ಉಚ್ಚ ನ್ಯಾಯಾಲಯದ ಅಸಮಾಧಾನದ ಮೇರೆಗೆ ಅಂದೇ ಮುಷ್ಕರವನ್ನು ಹಿಂತೆಗೆದುಕೊಂಡರು. ನ್ಯಾಯಾಲಯದ ಮಾತಿಗೆ ನೌಕರರು ತಲೆಬಾಗಿದುದು ಯುಕ್ತವೇ. ಆದರೆ ನೌಕರರಿಗೆ ಮುಷ್ಕರವನ್ನು ನಿಲ್ಲಿಸುವ ಹೊಣೆಯಿದ್ದಂತೆ ಆಡಳಿತಕ್ಕೆ ಮಾತುಕತೆಯನ್ನು ಮುಗಿಸುವ ಹೊಣೆಯೂ ಇದೆ.

ಆದುದರಿಂದ ನಮ್ಮ ಬೇಡಿಕೆಗಳನ್ನು ಹೀಗೆ ನಿವೇದಿಸಿಕೊಳ್ಳುತ್ತೇವೆ. ಎಲ್ಲಕ್ಕಿಂತ ಮೊದಲು, 2020ರ ಜನವರಿ 1ರ ದಿನಾಂಕವನ್ನು ಪರಿಷ್ಕರಣೆಯ ದಿನಾಂಕವೆಂದು ಅಂಗೀಕರಿಸಿ, ಈಗ ಒಪ್ಪಿರುವ 14 ತಿಂಗಳುಗಳ ಹಿಂಬಾಕಿಯನ್ನು ಯಾವ ಷರತ್ತೂ ಇಲ್ಲದೆ ಕೂಡಲೇ ಕೊಡತಕ್ಕದ್ದು. ಉಳಿದ 24 ತಿಂಗಳುಗಳದ್ದನ್ನು ಒಮ್ಮೆಗೇ ಕೊಡಲು ಬೊಕ್ಕಸಕ್ಕೆ ಶಕ್ತಿಯಿಲ್ಲದಿದ್ದರೆ ಕಂತುಗಳಲ್ಲಿಯಾಗಲಿ, ಭವಿಷ್ಯನಿಧಿಗೆ ಜಮಾ ಮಾಡಿಯಾಗಲಿ ತೀರಿಸತಕ್ಕದ್ದು. ಕಂತೆಂದರೆ ಯಾರೂ ಮುನಿಯುವುದಿಲ್ಲ. ಇಲ್ಲವೇ ಇಲ್ಲವೆಂದರೆ ಮುನಿಯುತ್ತಾರೆ.

ಎರಡನೆಯದಾಗಿ, 2024ರ ಪರಿಷ್ಕರಣೆಗೆ ನೌಕರರು ಶೇಕಡಾ 25ರ ಹೆಚ್ಚಳವನ್ನು ಕೇಳಿದ್ದಾರೆ. ಅದು ಇಷ್ಟೇ ಆಗಬೇಕೆಂದು ನಾವು ಹೇಳಲಾರೆವು, ಅದನ್ನು ನಿಷ್ಕರ್ಷಿಸುವುದು ಮೇಜಿನ ಎರಡು ಬದಿಗಳಲ್ಲಿ ಕುಳಿತವರ ಕಾರ್ಯ. ಆದರೆ ಕಾರ್ಮಿಕ ಆಯುಕ್ತರ ಸಮಕ್ಷಮದಲ್ಲಿ, ಕೈಗಾರಿಕಾ ವಿವಾದಗಳ ಕಾಯಿದೆಯಂತೆ, ಲಿಖಿತ ಒಪ್ಪಂದವಾಗಿಯೇ ಅದು ಮುಗಿಯಬೇಕು. ಪ್ರತಿಯೊಂದು ಸಭೆಯ ನಡವಳಿಯೂ ಉಭಯರ ಸಹಿಯೊಡನೆ ಪ್ರಕಟವಾಗಬೇಕು. ಬಾಯಿಮಾತಿನ ಭರವಸೆಗಳಿಂದ ಎರಡು ಕಡೆಯವರಿಗೂ ಸಾಕಷ್ಟು ಅಪಖ್ಯಾತಿ ಬಂದಿದೆ. 2021ರ ಮುಷ್ಕರದ ಸಂಬಂಧವಾಗಿ ಇನ್ನೂ ಉಳಿದಿರುವ ಶಿಸ್ತುಕ್ರಮದ ಪ್ರಕರಣಗಳನ್ನೂ ಇದೇ ಒಪ್ಪಂದದಲ್ಲಿ ಇತ್ಯರ್ಥಪಡಿಸತಕ್ಕದ್ದು.

ಕಡೆಯದು ಸಣ್ಣ ಬೇಡಿಕೆ, ಇದಕ್ಕೆ ಮಾತುಕತೆಯ ಅವಶ್ಯಕತೆಯೇ ಇಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾತ್ರಿ ತಂಗುವ ಸಿಬ್ಬಂದಿಗೆ ಗ್ರಾಮ ಪಂಚಾಯಿತಿಗಳ ನೆರವಿನಿಂದ ಒಂದೊಂದು ಕೊಠಡಿ, ಎರಡು ಮಂಚ, ಒಂದು ಶೌಚಾಲಯವನ್ನು ಒದಗಿಸಬೇಕು. ಮುಂದಿನ ಸಭೆಯ ದಿನಾಂಕವನ್ನು ಗೊತ್ತುಪಡಿಸಿ, ಅದನ್ನು ನಮ್ಮ ಭಾಗದ ಡಿಪೋಗಳ ಸೂಚನಾಫಲಕದಲ್ಲಿ ಈ ತಿಂಗಳ ಕೊನೆಯೊಳಗಾಗಿ ಹಾಕಿಸಬೇಕೆಂದೂ, ಈ ಮನವಿಗೆ ಲಿಖಿತ ಉತ್ತರವನ್ನು ಉಪವಿಭಾಗಾಧಿಕಾರಿಗಳ ಮೂಲಕವೇ ದಯಪಾಲಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಇಂತು ತಮ್ಮ ವಿಶ್ವಾಸಿಗಳಾದ,
ಹುಲಿಕುಂಟೆ ಹೋಬಳಿಯ ಪ್ರಯಾಣಿಕರು ಮತ್ತು ಸಾರಿಗೆ ನೌಕರರ ಕುಟುಂಬದವರು

ಪ್ರತಿ: ಮಾನ್ಯ ಕಾರ್ಮಿಕ ಆಯುಕ್ತರು, ಬೆಂಗಳೂರು
ಪ್ರತಿ: ಮಾನ್ಯ ತಹಸೀಲ್ದಾರರು, ಶಿರಾ