ಬಿಟ್ಟುಹೋದ ಪದಕಕ್ಕೆ ಸಹಯೋಧರ ಮಾತು ಸಾಕೇ?

ಚರ್ಚೆಯ ವಿಷಯ

ಕುಡಚಿ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಭಾಗದ ಹಳ್ಳಿಗಳಿಗೂ ಸೇನೆಗೂ ಹಳೆಯ ನಂಟು. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಗಡಿಯಾಚೆ ಶಿರೋಳ ತಾಲ್ಲೂಕಿನ ಒಂದು ಊರಿಗೆ ಸೈನಿಕ ಟಾಕಳಿ ಎಂದೇ ಹೆಸರು. ಈ ಸೀಮೆಯಲ್ಲಿ ಮಾಜಿ ಸೈನಿಕರು ಕೂಡಿದಲ್ಲಿ ಪಿಂಚಣಿಯ ಮಾತಿನ ಬೆನ್ನಿಗೇ ಬರುವ ಇನ್ನೊಂದು ಅಹವಾಲಿದೆ: ಯುದ್ಧಕ್ಕೆ ಹೋಗಿದ್ದು ನಿಜ, ಡಿಸ್ಚಾರ್ಜ್ ಬುಕ್ಕಿನಲ್ಲಿ ಮಾತ್ರ ಪದಕದ ನಮೂದಿಲ್ಲ.

ಪದಕಗಳಲ್ಲಿ ಎರಡು ಬಗೆ. ಪರಮವೀರ ಚಕ್ರದಿಂದ ಸೇನಾ ಪದಕದವರೆಗಿನ ಶೌರ್ಯ ಪ್ರಶಸ್ತಿಗಳು ಮೇಲಧಿಕಾರಿಯ ಶಿಫಾರಸಿನ ಮೇಲೆ ಸಿಗುವಂಥವು. 1965ರ ಸಮರ ಸೇವಾ ಸ್ಟಾರ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ, ಶ್ರೀಲಂಕಾಕ್ಕೆ ಹೋದವರ ವಿಶೇಷ ಸೇವಾ ಪದಕ, ಕಾರ್ಗಿಲ್‌ನ ಆಪರೇಷನ್ ವಿಜಯ್ ಸ್ಟಾರ್ ಇವೆಲ್ಲ ಸೇವಾ ಪದಕಗಳು. ಗೊತ್ತುಪಡಿಸಿದ ಅವಧಿಯಲ್ಲಿ, ಗೊತ್ತುಪಡಿಸಿದ ಜಾಗದಲ್ಲಿ ಕರ್ತವ್ಯದ ಮೇಲಿದ್ದವರಿಗೆ ಇವು ಹಕ್ಕಿನಿಂದ ಸಲ್ಲುತ್ತವೆ. ಈ ಚರ್ಚೆ ಮುಖ್ಯವಾಗಿ ಸೇವಾ ಪದಕಗಳನ್ನು ಕುರಿತದ್ದು. ಕಡತ ನಾಶವಾಗಿದ್ದರೆ ಜೊತೆಗಿದ್ದ ಯೋಧರ ಪ್ರಮಾಣಪತ್ರವನ್ನೇ ನಂಬಿ, ಎಷ್ಟೇ ವರ್ಷ ಕಳೆದಿದ್ದರೂ, ಸೇವಾ ದಾಖಲೆ ತಿದ್ದಿ ಪದಕ ಕೊಡಬೇಕೇ?

ಪರ: ದಾಖಲೆ ಬರೆದದ್ದು ಸೇನೆ, ಲೋಪದ ಹೊರೆ ಯೋಧನ ಮೇಲೇಕೆ?

ಸಿಪಾಯಿ ತನ್ನ ಸೇವಾ ದಾಖಲೆಯನ್ನು ತಾನು ಬರೆದುಕೊಳ್ಳುವುದಿಲ್ಲ. ರಜೆ, ವರ್ಗಾವಣೆ, ಮದುವೆ, ಮಗುವಿನ ಜನನ, ತರಬೇತಿ, ಪದಕ ಹೀಗೆ ಒಂದೊಂದಕ್ಕೂ ಅವನ ಘಟಕದ ಕಚೇರಿಯಿಂದ ಪಾರ್ಟ್ ಟೂ ಆರ್ಡರ್ ಹೊರಡಬೇಕು. ಅದು ರೆಕಾರ್ಡ್ ಆಫೀಸು ಮುಟ್ಟಬೇಕು. ಅಲ್ಲಿನ ಗುಮಾಸ್ತ ಅದನ್ನು ಶೀಟ್ ರೋಲ್‌ಗೆ ಏರಿಸಬೇಕು. ಮನೆಗೆ ಹೊರಡುವ ದಿನ ಅದರ ಸಾರ ಡಿಸ್ಚಾರ್ಜ್ ಬುಕ್ಕಿಗೆ ಇಳಿಯುತ್ತದೆ. ಈ ಸಾಲಿನಲ್ಲಿ ಎಲ್ಲೋ ಒಂದು ಕೊಂಡಿ ತಪ್ಪಿದರೆ ಪದಕದ ಅಂಕಣದಲ್ಲಿ ಒಂದು ಅಡ್ಡಗೆರೆ ಬೀಳುತ್ತದೆ. ಆ ಗೆರೆ ಎಳೆದ ಕೈ ಯೋಧನದಲ್ಲ.

ಕೊಂಡಿ ತಪ್ಪುವುದಕ್ಕೆ ಯುದ್ಧಕಾಲದಲ್ಲಿ ನೂರು ದಾರಿಗಳಿವೆ. ಜವಾನನನ್ನು ಅವನ ಪಲ್ಟನ್‌ನಿಂದ ತೆಗೆದು ಬೇರೊಂದು ಘಟಕಕ್ಕೆ ಅಟ್ಯಾಚ್ ಮಾಡುತ್ತಾರೆ. ಅವನು ಹೋರಾಡಿದ್ದು ಒಂದು ಕಡೆ, ಕಾಗದ ಇದ್ದದ್ದು ಇನ್ನೊಂದು ಕಡೆ. ಗಾಯಗೊಂಡು ಆಸ್ಪತ್ರೆ ಸೇರಿದವನು ಗುಣವಾದ ಮೇಲೆ ತನ್ನ ಘಟಕಕ್ಕೆ ಮರಳದೆ ಮತ್ತೆಲ್ಲಿಗೋ ವರ್ಗವಾಗುತ್ತಾನೆ. ಕುಡಚಿಯ ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರುಗಳನ್ನು ನಮ್ಮ ನುಡಿ ಗೊತ್ತಿಲ್ಲದ ಗುಮಾಸ್ತ ತನಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಊರಿಗೆ ಬಂದ ಮೇಲೆ ಲೋಪ ಕಣ್ಣಿಗೆ ಬಿದ್ದರೆ "ರೆಕಾರ್ಡ್ಸ್‌ಗೆ ಬರೀರಿ" ಎಂಬ ಸಲಹೆ ಸಿಗುತ್ತದೆ. ಫಿರಂಗಿದಳದವನು ನಾಸಿಕ ರೋಡಿಗೆ ಬರೆಯಬೇಕು, ಸಿಗ್ನಲ್ಸ್‌ನವನು ಜಬಲ್‌ಪುರಕ್ಕೆ, ಯಂತ್ರ ದುರಸ್ತಿಯ ಇಎಂಇ ದಳದವನು ಸಿಕಂದರಾಬಾದಿಗೆ. ಉತ್ತರ ಬಂದರೂ ಬಹಳ ಸಲ ಅದು ಒಂದೇ ಸಾಲು: ದಾಖಲೆ ಲಭ್ಯವಿಲ್ಲ.

ಯಾಕೆ ಲಭ್ಯವಿಲ್ಲ? ಪಿಂಚಣಿ ಇಲ್ಲದೆ ಹೊರಬಂದ ಜವಾನರ ಕಡತಗಳನ್ನು 25 ವರ್ಷ ಇಟ್ಟು ನಂತರ ನಾಶಪಡಿಸಲು ಸೇನಾ ನಿಯಮಾವಳಿಯ 595ನೇ ಕಂಡಿಕೆಯೇ ಅವಕಾಶ ಕೊಟ್ಟಿದೆ. ಉಳಿಯುವುದು ಲಾಂಗ್ ರೋಲ್ ಎಂಬ ಕಾಯಂ ನೋಂದಣಿ ಪುಸ್ತಕದ ನಾಲ್ಕು ಸಾಲು. 1965 ಮತ್ತು 1971 ಎರಡನ್ನೂ ಕಂಡು, ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮೊದಲೇ 1975ರಲ್ಲಿ ಊರಿಗೆ ಬಂದವನ ಕಡತವನ್ನು 2000ದ ಹೊತ್ತಿಗೆ ಸುಟ್ಟುಹಾಕಬಹುದಿತ್ತು. ಅವನ ಬಳಿಯಿದ್ದ ಪ್ರತಿಯ ಗತಿಯೇನು? 2005ರಲ್ಲಿ ಕೃಷ್ಣೆ ಉಕ್ಕಿದಳು, 2019ರ ಆಗಸ್ಟ್‌ನಲ್ಲಿ ಮತ್ತೆ ಉಕ್ಕಿದಳು. ಕುಡಚಿ–ಉಗಾರ ಸೇತುವೆಯೇ ನೀರಿನಡಿ ಹೋದಾಗ ನದಿದಂಡೆಯ ಮನೆಯ ಟ್ರಂಕಿನಲ್ಲಿ ಮಡಿಸಿಟ್ಟ ಕಾಗದ ಉಳಿಯುವುದೆಲ್ಲಿ? ಕಬ್ಬು ತೂಗಿಸಿಕೊಂಡ ಕಾರ್ಖಾನೆ ತನ್ನ ಪುಸ್ತಕವನ್ನು ತಾನೇ ಸುಟ್ಟು, ಬಿಲ್ ಕೇಳಲು ಬಂದ ರೈತನಿಗೆ ತೂಕದ ಚೀಟಿ ತಾ ಎಂದರೆ ನಮ್ಮ ಕಡೆ ಯಾರಾದರೂ ಒಪ್ಪಿಯಾರೇ?

ಕಾಗದ ಇಲ್ಲದಲ್ಲಿ ಮನುಷ್ಯರ ಮಾತನ್ನು ನಂಬುವುದು ಈ ದೇಶಕ್ಕೆ ಹೊಸದಲ್ಲ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯಲ್ಲಿ ಜೈಲಿನ ದಾಖಲೆ ಸಿಗದಿದ್ದಾಗ ಜೊತೆಗಿದ್ದ ಸಹಬಂದಿ ಕೊಟ್ಟ ಪ್ರಮಾಣಪತ್ರವನ್ನು ಸರ್ಕಾರ ಒಪ್ಪಿಕೊಂಡಿತು. ಬ್ರಿಟಿಷರ ಜೈಲಿನಲ್ಲಿದ್ದವನಿಗೆ ಸಲ್ಲುವ ವಿಶ್ವಾಸ, ನಮ್ಮದೇ ಸೇನೆಯ ಬಂಕರಿನಲ್ಲಿದ್ದವನಿಗೆ ಯಾಕಿಲ್ಲ? ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದವು. ಕಡತ ಸುಟ್ಟಿತು, ಇನ್ನು ಮನೆಗೆ ಹೋಗಿ ಎಂದು ಅಲ್ಲಿಯವರು ಹೇಳಲಿಲ್ಲ. ಸಂಬಳದ ಪಟ್ಟಿ, ಆಸ್ಪತ್ರೆಯ ದಾಖಲೆಗಳಿಂದ ಸೇವೆಯ ವಿವರವನ್ನು ಮತ್ತೆ ಕಟ್ಟಿದರು. ಜೊತೆಗಿದ್ದ ಸೈನಿಕರ ಲಿಖಿತ ಹೇಳಿಕೆಗಳಿಗೂ ಅಲ್ಲಿ ಬೆಲೆಯಿದೆ.

ದಾಖಲೆ ಎಂದ ಮಾತ್ರಕ್ಕೆ ಅದು ಸತ್ಯವೂ ಆಗಿರಬೇಕಿಲ್ಲ. ಕಾರ್ಗಿಲ್ ಯುದ್ಧದಲ್ಲಿ 70ನೇ ಬ್ರಿಗೇಡ್ ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಪಾತ್ರವನ್ನು ಕುಗ್ಗಿಸಿ ಬರೆಯಲಾಗಿತ್ತು. ಅದನ್ನು ತಿದ್ದಿ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2010ರಲ್ಲಿ ಸೇನೆಗೆ ಹೇಳಬೇಕಾಯಿತು. ಬ್ರಿಗೇಡಿಯರ್‌ಗೇ ಹನ್ನೊಂದು ವರ್ಷ ಹಿಡಿಯಿತು. ಇನ್ನು ಸಿಪಾಯಿ ದೂರದ ಕೊಚ್ಚಿಯ ಪೀಠಕ್ಕೆ ಹೋಗಬೇಕು. ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು, ಇಲ್ಲವೇ ತಡವಾದದ್ದಕ್ಕೆ ಕಾರಣ ಹೇಳಿ ಕ್ಷಮೆ ಬೇಡಬೇಕು.

ಕಣ್ಣು ಮುಚ್ಚಿ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಅದೇ ಕಂಪನಿಯಲ್ಲಿದ್ದ, ತಮ್ಮ ಡಿಸ್ಚಾರ್ಜ್ ಬುಕ್ಕಿನಲ್ಲಿ ಅದೇ ಪದಕದ ನಮೂದಿರುವ ಮೂವರು ಸೈನಿಕ ಕಲ್ಯಾಣ ಇಲಾಖೆಯ ಅಧಿಕಾರಿಯ ಮುಂದೆ ಸಹಿ ಮಾಡಲಿ. ಆ ಅವಧಿಯಲ್ಲಿ ಅರ್ಜಿದಾರ ಸೇವೆಯಲ್ಲಿದ್ದನೆಂದು ಲಾಂಗ್ ರೋಲ್ ಹೇಳಲಿ. ಸುಳ್ಳು ಎಂದು ತಿಳಿದರೆ ನಾಲ್ವರ ಮೇಲೂ ಮೊಕದ್ದಮೆ ಹೂಡಲಿ. ಸೇವಾ ಪದಕದ ಜೊತೆ ತಿಂಗಳ ಭತ್ಯೆ ಬರುವುದಿಲ್ಲ. 2017ರಲ್ಲಿ ಇಮ್ಮಡಿಯಾದ ಭತ್ಯೆ, ಅಂದರೆ ಪರಮವೀರ ಚಕ್ರಕ್ಕೆ ತಿಂಗಳಿಗೆ ರೂ. 20,000, ಶೌರ್ಯಕ್ಕಾಗಿ ಕೊಡುವ ಸೇನಾ ಪದಕಕ್ಕೆ ರೂ. 2,000, ಸಿಗುವುದು ಶೌರ್ಯ ಪ್ರಶಸ್ತಿಗಳಿಗೆ. ಹಾಗಾಗಿ ಇಲ್ಲಿ ಯೋಧ ಕೇಳುತ್ತಿರುವುದು ತನ್ನ ಸೇವೆಯ ಸರಿಯಾದ ಲೆಕ್ಕವನ್ನು.

ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಏಳು ಕಪ್ಪು ಸೈನಿಕರಿಗೆ ಅಮೆರಿಕ ತನ್ನ ಅತ್ಯುನ್ನತ ಪದಕ ಕೊಟ್ಟದ್ದು 1997ರಲ್ಲಿ. ಅದನ್ನು ಸ್ವತಃ ಸ್ವೀಕರಿಸಲು ಬದುಕಿ ಉಳಿದಿದ್ದವರು ವರ್ನನ್ ಬೇಕರ್ ಒಬ್ಬರೇ. 1971ರ ಡಿಸೆಂಬರ್‌ನಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ನಮ್ಮ ಯೋಧನಿಗೆ ಈಗ 75ರ ಆಸುಪಾಸು. ಇನ್ನು ಹತ್ತು ವರ್ಷ ಸುಮ್ಮನಿದ್ದರೆ ಅರ್ಜಿ ಹಾಕುವವನೂ ಇರುವುದಿಲ್ಲ, ಅವನ ಪರ ಸಾಕ್ಷಿ ನುಡಿಯುವವನೂ ಇರುವುದಿಲ್ಲ. ನಿಯಮ ಬದಲಾಗುವುದಾದರೆ ಈಗಲೇ ಆಗಬೇಕು.

ವಿರೋಧ: ನೆನಪಿನ ಮೇಲೆ ಪದಕ ಬೇಡ, ಸೇನೆಯ ದಿನಚರಿ ತೆರೆಯಲಿ

ಬಿಟ್ಟುಹೋದ ಪದಕ ಸಿಗಲೇಬಾರದು ಎಂಬುದು ನನ್ನ ವಾದವಲ್ಲ. ಒಂದೇ ಒಂದು ಸರ್ಕಾರಿ ಕಾಗದ ಸಾಕ್ಷಿ ಹೇಳಿದರೂ ಐವತ್ತು ವರ್ಷದ ನಂತರ ಕೊಡಲಿ, ಮನೆಗೇ ತಂದು ಕೊಡಲಿ. ಕಾಗದವೇ ಇಲ್ಲದಾಗ ಬರೀ ಮಾತಿನ ಮೇಲೆ ದಾಖಲೆ ತಿದ್ದುವುದಕ್ಕೆ ಮಾತ್ರ ನನ್ನ ವಿರೋಧ.

ಸೇವಾ ಪದಕವೊಂದನ್ನು ಕೈಗೆ ತೆಗೆದುಕೊಂಡು ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಯೋಧನ ನಂಬರು, ಹುದ್ದೆ, ಹೆಸರು ಸಣ್ಣ ಅಕ್ಷರಗಳಲ್ಲಿ ಕೆತ್ತಿರುತ್ತವೆ. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ನಾಲ್ಕು ಮಂದಿ ಇರುವುದುಂಟು. ನಂಬರು ಮಾತ್ರ ಒಬ್ಬನದೇ. ಆ ನಂಬರಿನವನು ಆ ದಿನ ಆ ಜಾಗದಲ್ಲಿದ್ದ ಎಂದು ಅವನ ಘಟಕ ಬರೆದುಕೊಟ್ಟ ಪಟ್ಟಿಯೇ ಆ ಕೆತ್ತನೆಯ ಬಲ. ಪಟ್ಟಿಯಿಲ್ಲದೆ ಕೆತ್ತಿದರೆ ಹೊಸ ಪದಕವಷ್ಟೇ ಸಂಶಯಕ್ಕೆ ಈಡಾಗುವುದಿಲ್ಲ, ಪಕ್ಕದ ಮನೆಯವನ ಹಳೆಯ ಪದಕವನ್ನೂ ಜನ ಅದೇ ಕಣ್ಣಿನಿಂದ ನೋಡತೊಡಗುತ್ತಾರೆ.

ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಉದಾಹರಣೆ ಮುಂದಿಡುವವರು ಅದರ ಮುಂದಿನ ಕಥೆಯನ್ನೂ ಹೇಳಬೇಕು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಭಾಗವಹಿಸಿದ್ದೆವೆಂದು ಪಿಂಚಣಿ ಪಡೆದ ನಕಲಿ ಹೋರಾಟಗಾರರ ಪ್ರಕರಣ ತನಿಖಾ ಆಯೋಗ ದಾಟಿ 2005ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಹೋಯಿತು. ಒಬ್ಬರಿಗೊಬ್ಬರು ಪ್ರಮಾಣಪತ್ರ ಬರೆದುಕೊಡುವ ದಾರಿ ತೆರೆದಿದ್ದರಿಂದ ನಿಜವಾಗಿ ಜೈಲು ಕಂಡ ಮುದುಕರೂ ಅನುಮಾನದ ಸಾಲಿನಲ್ಲಿ ನಿಲ್ಲಬೇಕಾಯಿತು. ಆ ಅವಮಾನ ನಮ್ಮ ಮಾಜಿ ಸೈನಿಕರಿಗೆ ಬರಬಾರದು.

ಸೈನಿಕರು ಸುಳ್ಳು ಹೇಳುವುದಿಲ್ಲ ಎನ್ನುವಿರಾ? ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಮಂದಿ ಹೇಳುವುದಿಲ್ಲ. ಆದರೂ 2003–04ರ ಸುಮಾರಿಗೆ ಬಯಲಾದ ಎರಡು ಪ್ರಕರಣಗಳನ್ನು ಮರೆಯುವಂತಿಲ್ಲ. ಅಸ್ಸಾಂನ ಕಾಚಾರ್‌ನಲ್ಲಿ ನಾಗರಿಕರ ಮೈಮೇಲೆ ಟೊಮೆಟೊ ಕೆಚಪ್ ಸುರಿದು, ಸತ್ತ ಉಗ್ರರೆಂದು ಫೋಟೊ ತೆಗೆಯಲಾಗಿತ್ತು. ಸಿಯಾಚಿನ್‌ನಲ್ಲಿ ಶತ್ರುಗಳನ್ನು ಕೊಂದಂತೆ ವಿಡಿಯೊ ಮಾಡಲಾಗಿತ್ತು. ಎರಡರ ಹಿಂದೆಯೂ ಇದ್ದದ್ದು ಪ್ರಶಸ್ತಿಯ ಆಸೆ. ಸೇವೆಯಲ್ಲಿದ್ದಾಗಲೇ, ಸೇನೆಯ ಶಿಸ್ತಿನ ಒಳಗೇ ಹೀಗಾಗುವುದಾದರೆ, ಐವತ್ತು ವರ್ಷದ ನಂತರ ಬರೆದುಕೊಟ್ಟ ಪ್ರಮಾಣಪತ್ರವನ್ನು ಪರೀಕ್ಷಿಸುವವರು ಯಾರು, ಯಾವುದರ ಜೊತೆ ಹೋಲಿಸಿ?

ಸುಳ್ಳಿಗಿಂತ ಹೆಚ್ಚು ನನಗೆ ಭಯವಿರುವುದು ಪ್ರಾಮಾಣಿಕ ಮರೆವಿನ ಬಗ್ಗೆ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಗೆ ಹೊರಟ ಪಡೆಗಳು ಬೆಳಗಾವಿಯಲ್ಲೇ ಜಮಾಯಿಸಿದ್ದವು. ಇಂಥ ಕಾರ್ಯಾಚರಣೆಯಲ್ಲಿ ಗಡಿ ದಾಟಿ ಹೋದವರೂ ಇರುತ್ತಾರೆ, ಹಿಂದೆ ಉಳಿದು ಹಗಲು ರಾತ್ರಿ ಸರಕು ತುಂಬಿದವರೂ ಇರುತ್ತಾರೆ. ಅರವತ್ತು ವರ್ಷ ಕಳೆದ ಮೇಲೆ ಇಬ್ಬರ ಬಾಯಲ್ಲೂ ಬರುವ ಮಾತು ಒಂದೇ: "ನಾವು ಗೋವಾ ಲಡಾಯಿದಾಗ ಇದ್ದಿವ್ರಿ." ಇಬ್ಬರ ಮಾತೂ ನಿಜ, ಇಬ್ಬರ ಸೇವೆಯೂ ದೊಡ್ಡದು. ಆದರೆ ಸೇವಾ ಪದಕದ ನಿಯಮ ನಿಂತಿರುವುದು ಜಾಗ ಮತ್ತು ದಿನದ ಲೆಕ್ಕದ ಮೇಲೆ. ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಬೇರೆ, ಆಪರೇಷನ್ ವಿಜಯ್ ಪದಕ ಬೇರೆ. ಆ ಗೆರೆಯನ್ನು ನಕ್ಷೆ ನೋಡಿ ಎಳೆಯಬೇಕು, ನೆನಪಿನಿಂದ ಎಳೆಯಲಾಗದು.

ಸೇವಾ ಪದಕಕ್ಕೆ ದುಡ್ಡಿನ ನಂಟಿಲ್ಲ ಎಂಬುದು ಅರ್ಧ ಸತ್ಯ. ಪದಕಕ್ಕೆ ಭತ್ಯೆ ಇಲ್ಲ, ಒಪ್ಪಿದೆ. ಆದರೆ ಯುದ್ಧರಂಗದಲ್ಲಿ ಆದ ಗಾಯಕ್ಕೆ ಸಿಗುವ ಪಿಂಚಣಿ ಸಾಮಾನ್ಯ ಅಂಗವೈಕಲ್ಯದ ಪಿಂಚಣಿಗಿಂತ ಹೆಚ್ಚು. ಯುದ್ಧರಂಗದಲ್ಲಿದ್ದ ಎಂದು ಒಂದು ಕಡೆ ತಿದ್ದಿದ ದಾಖಲೆ ನಾಳೆ ಇನ್ನೊಂದು ಅರ್ಜಿಗೆ ಆಧಾರವಾಗುತ್ತದೆ. ಹಕ್ಕಿದ್ದವನಿಗೆ ಅದು ಸಿಗಲೇಬೇಕು. ಅದಕ್ಕಾಗಿಯೇ ಬುನಾದಿ ಗಟ್ಟಿಯಿರಬೇಕು.

ದೇವಿಂದರ್ ಸಿಂಗ್ ಪ್ರಕರಣವೂ ನನ್ನ ವಾದವನ್ನೇ ಎತ್ತಿಹಿಡಿಯುತ್ತದೆ. ನ್ಯಾಯಮಂಡಳಿ ಅಲ್ಲಿ ಯುದ್ಧದ ವರದಿಗಳನ್ನೇ ಎದುರಿಗಿಟ್ಟುಕೊಂಡು ಪಕ್ಷಪಾತ ಗುರುತಿಸಿತು. ಬರಹವನ್ನು ತಿದ್ದಿದ್ದು ಬರಹವೇ. ಇನ್ನೊಂದು ಕಡೆ ಜನರಲ್ ವಿ.ಕೆ. ಸಿಂಗ್ ಅವರ ಜನ್ಮವರ್ಷ ಸೇನೆಯ ಒಂದು ಶಾಖೆಯಲ್ಲಿ 1951, ಇನ್ನೊಂದರಲ್ಲಿ 1950 ಎಂದಿತ್ತು. ಸೇನಾ ಮುಖ್ಯಸ್ಥರಾಗಿದ್ದೂ ಅವರು 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಅರ್ಜಿ ಹಿಂಪಡೆಯಬೇಕಾಯಿತು. ದಾಖಲೆ ತಿದ್ದುವ ಮಾನದಂಡ ಸಿಪಾಯಿಗೂ ಜನರಲ್‌ಗೂ ಒಂದೇ ಆಗಿರುವುದರಲ್ಲೇ ಸೇನೆಯ ಮರ್ಯಾದೆ ಇದೆ.

ಹಾಗಾದರೆ ಕಡತ ಸುಟ್ಟುಹೋದವನು ಏನು ಮಾಡಬೇಕು? ಅವನು ಏನನ್ನೂ ಮಾಡಬೇಕಿಲ್ಲ, ಸರ್ಕಾರವೇ ಹುಡುಕಬೇಕು. ಯುದ್ಧಕ್ಕೆ ಇಳಿದ ಘಟಕ ವಾರ್ ಡೈರಿ ಬರೆಯುತ್ತದೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಪ್ಪಿದ ನೀತಿಯಂತೆ ಇಂಥ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದೊಳಗೆ ಗೋಪ್ಯತೆಯಿಂದ ಮುಕ್ತಗೊಳಿಸಬೇಕು. 1965, 1971, ಶ್ರೀಲಂಕಾ ಎಲ್ಲವೂ ಆ ಗಡುವು ದಾಟಿವೆ. ಡೈರಿಯಲ್ಲಿ ಸಿಪಾಯಿಯ ಹೆಸರು ಇರಲಿಕ್ಕಿಲ್ಲ, ಘಟಕ ಯಾವ ದಿನ ಎಲ್ಲಿತ್ತು ಎಂಬುದಂತೂ ಇರುತ್ತದೆ. ಯಾವ ಘಟಕ, ಯಾವ ದಿನಾಂಕ, ಯಾವ ಪದಕ ಎಂಬ ಪಟ್ಟಿಯನ್ನು ಸಚಿವಾಲಯ ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಪ್ರಕಟಿಸಲಿ. ಅರ್ಜಿದಾರ ಆಗ ಆ ಘಟಕದಲ್ಲಿದ್ದನೆಂದು ಲಾಂಗ್ ರೋಲ್, ಸಂಬಳದ ಲೆಕ್ಕ, ಆಸ್ಪತ್ರೆಯ ರಿಜಿಸ್ಟರ್ ಇವುಗಳಲ್ಲಿ ಒಂದು ಹೇಳಿದರೂ ಪದಕ ಅವನದೇ ಎಂದು ತಿಳಿಯಲಿ, ಇಲ್ಲವೆನ್ನುವ ಹೊಣೆ ರೆಕಾರ್ಡ್ ಆಫೀಸಿನದಾಗಲಿ. ಈ ದಾರಿಯಲ್ಲಿ ಮೂವರು ಮುದುಕರನ್ನು ಹುಡುಕಿಕೊಂಡು ಊರೂರು ಅಲೆಯುವ ಕಷ್ಟವೂ ತಪ್ಪುತ್ತದೆ. ಎಲ್ಲ ಗೆಳೆಯರನ್ನೂ ಕಳೆದುಕೊಂಡು ಒಬ್ಬನೇ ಉಳಿದ ಯೋಧನಿಗೂ ನ್ಯಾಯ ಸಿಗುತ್ತದೆ. ಸಾಕ್ಷಿಯ ನಿಯಮ ಕೈಬಿಡುವುದು ಅಂಥವನನ್ನೇ.

"ದಾಖಲೆ ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ ನಿಲ್ಲಬೇಕು ಎಂಬಲ್ಲಿ ನನ್ನದೂ ಪರವಾದಿಗಳದೂ ಒಂದೇ ಮಾತು. ಎಲ್ಲೆಲ್ಲಿ ಹುಡುಕಿದೆವು, ಎಲ್ಲಿ ಏನು ಸಿಕ್ಕಿತು ಎಂದು ಕಚೇರಿ ಬರೆದುಕೊಡಬೇಕು. ಇಷ್ಟಾದ ಮೇಲೂ ಏನೂ ಸಿಗದಿದ್ದರೆ ಪದಕ ಕೊಡಲಾಗದು ಎಂದು ಹೇಳಬೇಕಾಗುತ್ತದೆ. ಅದರಿಂದ ನಿಜವಾಗಿ ಯುದ್ಧ ಮಾಡಿದ ಕೆಲವರಿಗೆ ಅನ್ಯಾಯವಾಗುತ್ತದೆ ಎಂಬುದು ನನಗೆ ಗೊತ್ತು, ಅದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೂ ಎದೆಯ ಮೇಲಿನ ಪದಕ ನೋಡಿದ ಯಾರೂ "ಇದು ಹೇಗೆ ಬಂತು" ಎಂದು ಕೇಳದಂತೆ ಕಾಯುವುದು, ಅದನ್ನು ಧರಿಸಿದ ಪ್ರತಿಯೊಬ್ಬ ಯೋಧನಿಗೆ ದೇಶ ಸಲ್ಲಿಸಬೇಕಾದ ಮೊದಲ ಗೌರವ.